ಟೋಯಿಂಗ್ ಸದಸ್ಯತ್ವ ಇದ್ದರೆ ಸಾಕಾ? ದೋಣಿ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೋಯಿಂಗ್ ಸದಸ್ಯತ್ವ ಅಂದರೆ ಏನು? ಇದು ಹೇಗೆ ಶುರುವಾಯಿತು?

ನೀರಿನ ಮೇಲೆ ಎಂಜಿನ್ ಕೈಕೊಡುತ್ತದೆ. ಇಲ್ಲವೇ ಇಂಧನ ಮುಗಿಯುತ್ತದೆ, ಬ್ಯಾಟರಿ ಸಾಯುತ್ತದೆ, ದೋಣಿ ಮರಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಟೋ ಬೋಟ್ ಕರೆಸಬೇಕು. ಅದು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತದೆ. ಸದಸ್ಯತ್ವ ಇದ್ದವರು ವರ್ಷಕ್ಕೊಮ್ಮೆ ಚಂದಾ ಕಟ್ಟಿರುತ್ತಾರೆ, ಹಾಗಾಗಿ ಆ ಬಿಲ್ ಅವರ ತಲೆಗೆ ಬರುವುದಿಲ್ಲ, ಬಂದರೂ ಸ್ವಲ್ಪ ಭಾಗ ಮಾತ್ರ. ಇಷ್ಟೇ ಇದರ ತಿರುಳು. ಜನ ಇದನ್ನು ಟೋಯಿಂಗ್ ಇನ್ಶೂರೆನ್ಸ್ ಅಂತಲೂ ಕರೆಯುತ್ತಾರೆ.

ಇದು ಬಲವಾಗಿ ಬೇರೂರಿರುವುದು ಅಮೆರಿಕದಲ್ಲಿ. ಮೊದಲು ಅಲ್ಲಿ ದೋಣಿ ಕೆಟ್ಟರೆ ಎಷ್ಟೋ ಸಲ ಕೋಸ್ಟ್ ಗಾರ್ಡ್‌ನವರೇ ಬಂದು ಎಳೆದೊಯ್ಯುತ್ತಿದ್ದರು. ಜೀವಕ್ಕೆ ಅಪಾಯ ಇಲ್ಲದ ಕರೆಗಳಲ್ಲಿ ಸರ್ಕಾರಿ ದೋಣಿ ಖಾಸಗಿಯವರ ಜೊತೆ ಪೈಪೋಟಿ ಮಾಡಬಾರದು ಅಂತ 1982ರಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಹೇಳಿತು. ಮರುವರ್ಷವೇ, 1983ರಲ್ಲಿ, ಸೀ ಟೋ ಎಂಬ ಟೋಯಿಂಗ್ ಕಂಪನಿ ಹುಟ್ಟಿತು. 1966ರಿಂದಲೇ ಇದ್ದ ದೋಣಿ ಮಾಲೀಕರ ಸಂಘ ಬೋಟ್‌ಯುಎಸ್ ಕೂಡ ಟೋ ಬೋಟ್‌ಗಳ ದೊಡ್ಡ ಜಾಲ ಕಟ್ಟಿತು. ಈಗ ಅಲ್ಲಿ ಸುಮ್ಮನೆ ಎಂಜಿನ್ ಕೆಟ್ಟಿದೆ ಅಂತ ಕೋಸ್ಟ್ ಗಾರ್ಡ್‌ಗೆ ಹೇಳಿದರೆ, ಅವರು ರೇಡಿಯೋದಲ್ಲಿ ನಿಮ್ಮ ಪರವಾಗಿ ಒಂದು ಪ್ರಕಟಣೆ ಮಾಡುತ್ತಾರೆ. ಹತ್ತಿರ ಇರುವ ಟೋ ಬೋಟ್ ಉತ್ತರ ಕೊಡುತ್ತದೆ.

ಬ್ರಿಟನ್‌ನಲ್ಲಿ ದಾರಿಯೇ ಬೇರೆ. ಅಲ್ಲಿ 1824ರಿಂದ ಆರ್‌ಎನ್‌ಎಲ್‌ಐ ಎಂಬ ಸಮುದ್ರ ರಕ್ಷಣಾ ಸಂಸ್ಥೆ ಇದೆ. ಅದು ನಡೆಯುವುದು ಹೆಚ್ಚಾಗಿ ಜನರ ದೇಣಿಗೆಯಿಂದ. ಲೈಫ್‌ಬೋಟ್ ಸಿಬ್ಬಂದಿಯಲ್ಲಿ ಹೆಚ್ಚಿನವರು ಸ್ವಯಂಸೇವಕರು. ಜರ್ಮನಿಯಲ್ಲೂ 1865ರಿಂದ ದೇಣಿಗೆಯಲ್ಲೇ ನಡೆಯುವ ಇಂಥ ಸಂಸ್ಥೆ ಇದೆ.

ಇದು ದೋಣಿಯ ಇನ್ಶೂರೆನ್ಸ್ ಥರವೇ ಅಲ್ವಾ?

ಅಲ್ಲ. ದೋಣಿ ಮುಳುಗಿದರೆ, ಒಡೆದರೆ, ಬೇರೆಯವರಿಗೆ ಪೆಟ್ಟಾದರೆ ದುಡ್ಡು ಕೊಡುವುದು ದೋಣಿಯ ಪಾಲಿಸಿ. ಟೋಯಿಂಗ್ ಸದಸ್ಯತ್ವ ಎಳೆದೊಯ್ಯುವ ಖರ್ಚಿಗೆ ಮಾತ್ರ. ಕೆಲವು ಪಾಲಿಸಿಗಳಲ್ಲೂ ಟೋಯಿಂಗ್ ಭಾಗ ಇರುತ್ತದೆ, ಆದರೆ ಇಷ್ಟೇ ಮೊತ್ತ ಅಂತ ಮಿತಿ ಇಟ್ಟಿರುತ್ತಾರೆ. ಟೋ ಬೋಟ್‌ನ ಗಂಟೆ ಲೆಕ್ಕ ಸಾಮಾನ್ಯವಾಗಿ ಅದು ತನ್ನ ಜಾಗ ಬಿಟ್ಟಾಗ ಶುರುವಾಗುತ್ತದೆ, ವಾಪಸ್ ಅಲ್ಲಿಗೆ ಹೋಗಿ ನಿಲ್ಲುವವರೆಗೆ ಓಡುತ್ತದೆ. ನಿಮ್ಮನ್ನು ಎಳೆದದ್ದು ಅರ್ಧ ಗಂಟೆಯಾದರೂ ಬಿಲ್ ಮೂರು ಗಂಟೆಗೆ ಬರಬಹುದು. ಎರಡೂ ಕಾಗದ ತೆಗೆದು, ಯಾವುದು ಎಲ್ಲಿವರೆಗೆ ಕೊಡುತ್ತದೆ ಅಂತ ದಡದಲ್ಲಿ ಇರುವಾಗಲೇ ಓದಿಕೊಳ್ಳಿ.

ಟೋ, ಸಾಲ್ವೇಜ್ ಅಂತ ಬೇರೆ ಬೇರೆ ಹೇಳುತ್ತಾರಲ್ಲ, ಏನು ವ್ಯತ್ಯಾಸ?

ಇದನ್ನು ತಿಳಿಯದೆ ಹಗ್ಗ ಹಿಡಿದವರು ಆಮೇಲೆ ಕಂಗಾಲಾಗುತ್ತಾರೆ. ಟೋ ಅಂದರೆ ಅಪಾಯದಲ್ಲಿ ಇಲ್ಲದ ದೋಣಿಯನ್ನು ಎಳೆದೊಯ್ಯುವುದು. ಗಂಟೆ ಲೆಕ್ಕದ ಕೂಲಿ. ಸಾಲ್ವೇಜ್ ಅಂದರೆ ಅಪಾಯದಲ್ಲಿರುವ ಆಸ್ತಿಯನ್ನು ಉಳಿಸಿಕೊಡುವುದು. ಅದಕ್ಕೆ ಸಿಗುವುದು ಕೂಲಿಯಲ್ಲ, ಬಹುಮಾನ. ಸಮುದ್ರದ ಕಾನೂನಿನಲ್ಲಿ ಇದು ಬಹಳ ಹಳೆಯ ಪದ್ಧತಿ. 1989ರ ಅಂತಾರಾಷ್ಟ್ರೀಯ ಸಾಲ್ವೇಜ್ ಒಪ್ಪಂದದ ಪ್ರಕಾರ ಬಹುಮಾನ ನಿರ್ಧರಿಸುವಾಗ ಉಳಿದ ಆಸ್ತಿಯ ಬೆಲೆ, ಅಪಾಯ ಎಷ್ಟಿತ್ತು, ಉಳಿಸಿದವರ ಚಳಕ, ಅವರು ಪಟ್ಟ ಶ್ರಮ ಎಲ್ಲ ಲೆಕ್ಕಕ್ಕೆ ಬರುತ್ತವೆ. ಏನೂ ಉಳಿಯಲಿಲ್ಲ ಅಂದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಜನರ ಜೀವ ಉಳಿಸಿದ್ದಕ್ಕೆ ಆ ಜನರಿಂದ ದುಡ್ಡು ಕೇಳುವಂತಿಲ್ಲ.

ಈಗ ನಿಮ್ಮ ದೋಣಿಗೆ ಬನ್ನಿ. ಶಾಂತ ನೀರಲ್ಲಿ ಮರಳಿಗೆ ತಾಗಿ ನಿಂತಿದೆ, ತೂತಾಗಿಲ್ಲ, ಒಂದೇ ಟೋ ಬೋಟ್ ಒಂದೇ ಹಗ್ಗ ಕಟ್ಟಿ ಹತ್ತು ಹದಿನೈದು ನಿಮಿಷದಲ್ಲಿ ಬಿಡಿಸಬಲ್ಲದು. ಸದಸ್ಯತ್ವಗಳು ಸಾಮಾನ್ಯವಾಗಿ ಇಂಥದ್ದನ್ನು ಒಳಗೆ ಸೇರಿಸುತ್ತವೆ. ಅದೇ ದೋಣಿ ಅಲೆ ಹೊಡೆಯುವ ಜಾಗದಲ್ಲಿ ಬಂಡೆಗೆ ಕುಕ್ಕುತ್ತಿದೆ, ಒಳಗೆ ನೀರು ಬರುತ್ತಿದೆ, ಎರಡು ಬೋಟು, ಪಂಪು ಬೇಕು ಅಂದರೆ ಅದು ಸಾಲ್ವೇಜ್. ಸದಸ್ಯತ್ವದ ಕಾರ್ಡು ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ದೋಣಿಯ ಪಾಲಿಸಿ ನೋಡಬೇಕು.

ಹಾಗಾಗಿ ಹಗ್ಗ ತೆಗೆದುಕೊಳ್ಳುವ ಮೊದಲು ಕೇಳಿ: "ಇದು ಟೋನಾ, ಸಾಲ್ವೇಜಾ?" ಉತ್ತರವನ್ನು ಜೊತೆಯಲ್ಲಿ ಇರುವವರೂ ಕೇಳಿಸಿಕೊಳ್ಳಲಿ, ಸಾಧ್ಯವಾದರೆ ಬರೆದುಕೊಳ್ಳಿ. ಒಳ್ಳೆಯ ಟೋ ಕ್ಯಾಪ್ಟನ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಜನರ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಈ ಮಾತುಕತೆ ಬೇಡ, ಮೊದಲು ಜನ ಪಾರಾಗಲಿ.

ಕಾರ್ಡು ಇದೆ. ಫೋನ್ ಮಾಡಿದರೆ ಬರುತ್ತಾರೆ. ಮತ್ತೆ ನಾನು ಇದನ್ನೆಲ್ಲ ಯಾಕೆ ಕಲಿಯಬೇಕು?

ಈ ಪುಟ ಬರೆದದ್ದೇ ಈ ಪ್ರಶ್ನೆಗಾಗಿ. ಕಾರ್ಡು ದುಡ್ಡಿನ ಚಿಂತೆ ಕಳೆಯುತ್ತದೆ. ಸಮಯವನ್ನು ಅದು ಕೊಡುವುದಿಲ್ಲ.

ಲೆಕ್ಕ ಹಾಕಿ ನೋಡಿ. ಎಂಜಿನ್ ನಿಂತಿದೆ. ಗಾಳಿ ನಿಮ್ಮನ್ನು ಬಂಡೆಗಳ ಕಡೆಗೆ ತಳ್ಳುತ್ತಿದೆ. ಬಂಡೆ 300 ಮೀಟರ್ ದೂರ. ದೋಣಿ ತೇಲುವ ವೇಗ ಬರೀ 1 ನಾಟ್, ಅಂದರೆ ಯಾರಾದರೂ ಆರಾಮಾಗಿ ನಡೆಯುವುದಕ್ಕಿಂತ ನಿಧಾನ. 1 ನಾಟ್ ಅಂದರೆ ನಿಮಿಷಕ್ಕೆ ಸುಮಾರು 31 ಮೀಟರ್. ಹತ್ತು ನಿಮಿಷ ಕಳೆಯುವುದರೊಳಗೆ ನೀವು ಬಂಡೆಯ ಮೇಲೆ ಇರುತ್ತೀರಿ. ಟೋ ಬೋಟ್ ಎಷ್ಟೇ ಚುರುಕಾಗಿದ್ದರೂ ಸಿಬ್ಬಂದಿ ಹತ್ತಿ, ಹಗ್ಗ ಬಿಚ್ಚಿ, ನಿಮ್ಮ ಹತ್ತಿರ ಬರಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ರಜೆಯ ದಿನ ಸಂಜೆ ನಿಮಗಿಂತ ಮೊದಲು ಮೂವರು ಕರೆದಿದ್ದರೆ ಇನ್ನೂ ಜಾಸ್ತಿ.

ಆ ನಡುವಿನ ಹೊತ್ತು ಪೂರ್ತಿ ನಿಮ್ಮದು. ಅಲ್ಲಿ ಉಪಯೋಗಕ್ಕೆ ಬರುವುದು ನಿಮ್ಮ ಲಂಗರು, ನಿಮ್ಮ ಕೈ, ನಿಮ್ಮ ಜೊತೆ ಇರುವವರು. ಸದಸ್ಯತ್ವ ಬೇಡ ಅಂತ ನಾನು ಹೇಳುತ್ತಿಲ್ಲ. ದೋಣಿ ಓಡಿಸುವ ಜವಾಬ್ದಾರಿಯನ್ನು ಚಂದಾ ಕಟ್ಟಿ ಬೇರೆಯವರಿಗೆ ವಹಿಸಿದ್ದೇನೆ ಅಂದುಕೊಳ್ಳುವುದೇ ಅಪಾಯ.

ಇನ್ನೊಂದು ಮಾತೂ ಇದೆ. ಟೋ ಬೋಟ್ ಓಡಿಸುವವರೂ ಮನುಷ್ಯರು. ಕತ್ತಲಲ್ಲಿ, ಗಾಳಿಯಲ್ಲಿ, ಆಳ ಕಡಿಮೆ ಇರುವ ಜಾಗಕ್ಕೆ ಅವರು ಬರುತ್ತಾರೆ. ಇಂಧನದ ಮುಳ್ಳು ನೋಡದೆ ಹೊರಟವರಿಗಾಗಿ ಅವರು ಆ ಕಷ್ಟ ಪಡುವುದು ಸರಿಯಾ?

ಎಂಜಿನ್ ನಿಂತ ಕೂಡಲೇ ಮೊದಲು ಏನು ಮಾಡಬೇಕು?

ಎಂಜಿನ್ ಮುಚ್ಚಳ ತೆಗೆಯಬೇಡಿ. ಮೊದಲು ತಲೆ ಎತ್ತಿ ಸುತ್ತ ನೋಡಿ. ಗಾಳಿ ಎಲ್ಲಿಂದ? ನೀರಿನ ಸೆಳೆತ ಎಲ್ಲಿಗೆ? ಆ ಕಡೆ ಏನಿದೆ? ದೋಣಿ ಇನ್ನೂ ಸ್ವಲ್ಪ ಓಡುತ್ತಿರುತ್ತದೆ, ಆ ಓಟ ಇರುವಾಗಲೇ ಚುಕ್ಕಾಣಿ ತಿರುಗಿಸಿ ಹಡಗು ದಾರಿಯಿಂದ, ಬಂಡೆಯಿಂದ ದೂರ ಹೋಗಿ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ. ಹಾಯಿದೋಣಿಯಾದರೆ ಒಂದು ಹಾಯಿ ಎತ್ತಿ, ನಿಮಗೆ ಇನ್ನೊಂದು ಎಂಜಿನ್ ಇದ್ದ ಹಾಗೇ.

ಆಮೇಲೆ ಲಂಗರು. ಆಳ ಸಾಕಷ್ಟು ಕಡಿಮೆ ಇದ್ದರೆ ಕೂಡಲೇ ಇಳಿಸಿ. ಎಸೆಯಬೇಡಿ, ನಿಧಾನವಾಗಿ ಬಿಡಿ. ಎಸೆದರೆ ಸರಪಳಿ ಲಂಗರಿನ ಮೇಲೆಯೇ ಗುಡ್ಡೆಯಾಗಿ ಬಿದ್ದು ಸಿಕ್ಕಿಕೊಳ್ಳುತ್ತದೆ. ತಳ ಮುಟ್ಟಿದ ಮೇಲೆ ದೋಣಿ ಹಿಂದೆ ಸರಿಯುತ್ತಿದ್ದ ಹಾಗೆ ಹಗ್ಗ ಬಿಡುತ್ತಾ ಹೋಗಿ, ಆಮೇಲೆ ಬಿಗಿ ಮಾಡಿ. ದಡದ ಮೇಲಿನ ಎರಡು ಗುರುತು, ಒಂದು ಮರ ಮತ್ತು ಅದರ ಹಿಂದಿನ ಕಂಬ ಅಂತಿಟ್ಟುಕೊಳ್ಳಿ, ಒಂದೇ ಗೆರೆಯಲ್ಲಿ ಕಾಣುವ ಹಾಗೆ ನೋಡಿ. ಅವೆರಡರ ನಡುವಿನ ಅಂತರ ಬದಲಾಗುತ್ತಲೇ ಹೋದರೆ ಲಂಗರು ಹಿಡಿದಿಲ್ಲ, ಜಾರುತ್ತಿದೆ. ಇನ್ನಷ್ಟು ಹಗ್ಗ ಬಿಡಿ.

ದೋಣಿ ನಿಂತ ಮೇಲೆ ನಿಮಗೆ ಯೋಚನೆ ಮಾಡಲು ಸಮಯ ಸಿಕ್ಕಿತು. ಈಗ ಮುಚ್ಚಳ ತೆಗೆಯಿರಿ, ಈಗ ಫೋನ್ ಮಾಡಿ.

ಲಂಗರಿನ ಹಗ್ಗ ಎಷ್ಟು ಉದ್ದ ಬೇಕು?

ಹೊಸಬರು ಆಳ ಮಾತ್ರ ಲೆಕ್ಕ ಹಾಕುತ್ತಾರೆ. ಅದು ಸಾಲದು. ಉದಾಹರಣೆಗೆ ಆಳ 4 ಮೀಟರ್. ನೀರಿನಿಂದ ದೋಣಿಯ ಮೂತಿಗೆ 1 ಮೀಟರ್. ಉಬ್ಬರಕ್ಕೆ ನೀರು ಇನ್ನೂ 2 ಮೀಟರ್ ಏರಲಿದೆ. ಒಟ್ಟು 7. ಸರಪಳಿಗಿಂತ ಹಗ್ಗವೇ ಜಾಸ್ತಿ ಇದ್ದರೆ ಅದರ 7 ಪಟ್ಟು ಬಿಡಬೇಕು ಅನ್ನುವುದು ರೂಢಿ, ಅಂದರೆ 49 ಮೀಟರ್. ಪೂರ್ತಿ ಸರಪಳಿ ಆದರೆ, ಹವೆ ಚೆನ್ನಾಗಿದ್ದಾಗ, ಇನ್ನೂ ಕಡಿಮೆ ನಡೆಯುತ್ತದೆ. ಆಳ ಮಾತ್ರ ನೋಡಿ 28 ಮೀಟರ್ ಬಿಟ್ಟಿದ್ದರೆ ಉಬ್ಬರ ಬಂದಾಗ 4 ಪಟ್ಟಿಗೆ ಇಳಿಯುತ್ತದೆ, ಗಾಳಿ ಎದ್ದರೆ ಲಂಗರು ಕಿತ್ತು ಬರುತ್ತದೆ.

ಹಗ್ಗ ಅಷ್ಟು ಉದ್ದ ಯಾಕೆ ಅಂದರೆ, ಲಂಗರು ಅಡ್ಡಡ್ಡ ಎಳೆದರೆ ತಳಕ್ಕೆ ಕಚ್ಚುತ್ತದೆ, ಮೇಲಕ್ಕೆ ಎಳೆದರೆ ಬಿಟ್ಟುಬಿಡುತ್ತದೆ. ಕೆಲವು ದೋಣಿಗಳಲ್ಲಿ ಲಂಗರು ಕುರ್ಚಿ, ಮೀನಿನ ಬುಟ್ಟಿ, ಹಳೆ ಟಾರ್ಪಾಲಿನ ಅಡಿ ಇರುತ್ತದೆ. ಹತ್ತು ನಿಮಿಷದಲ್ಲಿ ಬಂಡೆ ಬರುವಾಗ ಅದನ್ನು ಹುಡುಕುತ್ತಾ ಕೂರಲು ಆಗುತ್ತಾ? ಒಂದು ನಿಮಿಷದಲ್ಲಿ ನೀರಿಗೆ ಇಳಿಸುವ ಹಾಗೆ ಇಡಿ. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯಾ ಅಂತಲೂ ನೋಡಿ.

ಎಂಜಿನ್ ಯಾಕೆ ನಿಲ್ಲುತ್ತದೆ? ನೀರಿನ ಮೇಲೆ ನಾನೇ ಏನಾದರೂ ಸರಿ ಮಾಡಬಹುದಾ?

ಬಹಳಷ್ಟು ಸಲ ಮಾಡಬಹುದು. ಎಂಜಿನ್ ಒಳಗೇ ಏನೋ ಮುರಿದು ನಿಲ್ಲುವುದು ಅಪರೂಪ. ಇಂಧನ ಬರುತ್ತಿಲ್ಲ, ತಂಪು ಮಾಡುವ ನೀರು ಬರುತ್ತಿಲ್ಲ, ಕರೆಂಟ್ ಬರುತ್ತಿಲ್ಲ. ಹೆಚ್ಚಿನ ತೊಂದರೆ ಈ ಮೂರರಲ್ಲಿ ಒಂದು.

ದೋಣಿಯ ಹಿಂದೆ ಹೊರಗೆ ತಗುಲಿಸಿದ ಔಟ್‌ಬೋರ್ಡ್ ಎಂಜಿನ್ ಆದರೆ ಮೊದಲು ಸುಲಭದ್ದನ್ನು ನೋಡಿ. ಎಂಜಿನ್ ಕೂಡಲೇ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಕಳಚಿದೆಯಾ? ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ? ಇಂಧನ ಟ್ಯಾಂಕಿನ ಗಾಳಿ ತಿರುಪು ಮುಚ್ಚಿದೆಯಾ? ಇಂಧನ ಪೈಪಿನಲ್ಲಿರುವ ರಬ್ಬರಿನ ಪ್ರೈಮರ್ ಬಲ್ಬ್ ಒತ್ತಿದರೆ ಗಟ್ಟಿಯಾಗುತ್ತದೆಯಾ? ಎಷ್ಟೋ ಟೋಗಳು ಈ ನಾಲ್ಕು ಪ್ರಶ್ನೆಗಳಲ್ಲೇ ಮುಗಿಯಬಹುದಿತ್ತು.

ಡೀಸೆಲ್ ಎಂಜಿನ್ ಟ್ಯಾಂಕ್ ಖಾಲಿ ಮಾಡಿಕೊಂಡು ನಿಂತರೆ ಬರೀ ಡೀಸೆಲ್ ತುಂಬಿದರೆ ಸಾಮಾನ್ಯವಾಗಿ ಹೊರಡುವುದಿಲ್ಲ. ಪೈಪಿನಲ್ಲಿ ಗಾಳಿ ಹೊಕ್ಕಿರುತ್ತದೆ. ಅದನ್ನು ಹೊರಗೆ ಬಿಡಬೇಕು. ಫಿಲ್ಟರ್ ಮೇಲಿನ ತಿರುಪು ಸಡಿಲ ಮಾಡಿ ಕೈಪಂಪು ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಬರುತ್ತದೆ. ಆಗ ತಿರುಪು ಬಿಗಿ ಮಾಡಿ. ನಿಮ್ಮ ಎಂಜಿನ್‌ನಲ್ಲಿ ಆ ತಿರುಪು ಎಲ್ಲಿದೆ ಅಂತ ಜೆಟ್ಟಿಯಲ್ಲೇ ಒಮ್ಮೆ ಬಿಚ್ಚಿ ನೋಡಿ. ಅಲೆಯಲ್ಲಿ ಓಲಾಡುತ್ತಾ, ಡೀಸೆಲ್ ವಾಸನೆಗೆ ಹೊಟ್ಟೆ ತೊಳೆಸುತ್ತಿರುವಾಗ ಮೊದಲ ಸಲ ಹುಡುಕುವ ಕೆಲಸ ಅಲ್ಲ ಅದು.

ಇನ್ನು ಇಂಪೆಲರ್. ಹೊರಗಿನ ನೀರನ್ನು ಎಂಜಿನ್‌ಗೆ ಎಳೆದುಕೊಡುವ ಪಂಪಿನೊಳಗಿನ ರಬ್ಬರ್ ಚಕ್ರ ಇದು. ಎಕ್ಸಾಸ್ಟ್‌ನಿಂದ ನೀರು ಬೀಳುವುದು ಕಡಿಮೆಯಾಯಿತು, ಹೊಗೆ ಬದಲು ಹಬೆ ಬರುತ್ತಿದೆ, ತಾಪದ ಮುಳ್ಳು ಏರುತ್ತಿದೆ ಅಂದರೆ ಮೊದಲು ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಕವರೋ ಪಾಚಿಯೋ ಅಡ್ಡ ಬಂದಿದೆಯಾ ನೋಡಿ. ಇಲ್ಲದಿದ್ದರೆ ಸಂಶಯ ಇಂಪೆಲರ್ ಮೇಲೆ. ನೀರಿನ ವಾಲ್ವ್ ಮುಚ್ಚಿ, ಪಂಪಿನ ಮುಚ್ಚಳದ ತಿರುಪು ಬಿಚ್ಚಿ, ಹಳೆಯದನ್ನು ಎಳೆದು ತೆಗೆಯಿರಿ. ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಮುಂದಿನ ಪೈಪಿನಲ್ಲೋ ಹೀಟ್ ಎಕ್ಸ್‌ಚೇಂಜರ್‌ನಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹುಡುಕದೆ ಹೊಸದು ಹಾಕಿದರೆ ಮತ್ತೆ ಬಿಸಿಯಾಗುತ್ತದೆ. ಹೊಸದನ್ನು ಕೂರಿಸಿ, ಮುಚ್ಚಳ ಹಾಕಿ, ವಾಲ್ವ್ ತೆರೆದು ಸ್ಟಾರ್ಟ್ ಮಾಡಿ. ವಾಲ್ವ್ ತೆರೆಯಲು ಮರೆತರೆ ಹೊಸ ರಬ್ಬರ್ ಕೂಡಲೇ ಸುಟ್ಟುಹೋಗುತ್ತದೆ.

ಒಳಗೆ ಕೂರಿಸಿದ ಪೆಟ್ರೋಲ್ ಎಂಜಿನ್ ಇದ್ದವರಿಗೆ ಒಂದು ಎಚ್ಚರಿಕೆ. ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ, ಎಂಜಿನ್ ಇರುವ ಜಾಗದ ಗಾಳಿಯನ್ನು ಹೊರಹಾಕುವ ಬ್ಲೋವರ್ ಫ್ಯಾನ್ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಅವಸರದಲ್ಲಿ ಮತ್ತೆ ಮತ್ತೆ ಕೀ ತಿರುಗಿಸುವುದು ಬೇಡ.

ಇಂಧನ ಎಷ್ಟು ಇಟ್ಟುಕೊಳ್ಳಬೇಕು?

ಮೂರನೇ ಒಂದು ಭಾಗ ಹೋಗಲು, ಮೂರನೇ ಒಂದು ಬರಲು, ಉಳಿದದ್ದು ಮುಟ್ಟದೆ. ಮುಳ್ಳನ್ನು ನಂಬಬೇಡಿ, ದೋಣಿ ಓಲಾಡುವಾಗ ಅದೂ ಓಲಾಡುತ್ತದೆ. ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತದೆ ಅಂತ ಅಳೆದು ಬರೆದಿಡಿ.

ದೋಣಿ ಮರಳಿಗೆ ತಾಗಿ ನಿಂತಿತು. ನಾನೇ ಬಿಡಿಸಲು ನೋಡಬೇಕಾ, ಕರೆಯಬೇಕಾ?

ಮೊದಲು ಜನ ಕ್ಷೇಮವಾ ನೋಡಿ. ಆಮೇಲೆ ತಳದ ಹಲಗೆ ಎತ್ತಿ ನೀರು ಬರುತ್ತಿದೆಯಾ ನೋಡಿ. ನೀರು ಬರುತ್ತಿದ್ದರೆ ಬಿಡಿಸುವ ಅವಸರ ಬೇಡ. ಕೆಲವೊಮ್ಮೆ ದೋಣಿಯನ್ನು ಹಿಡಿದಿಟ್ಟಿರುವುದು ಆ ನೆಲವೇ. ಆಳಕ್ಕೆ ಎಳೆದರೆ ಅಲ್ಲೇ ಮುಳುಗುತ್ತದೆ.

ನೀರು ಬರುತ್ತಿಲ್ಲ ಅಂದರೆ ಕೇಳಬೇಕಾದ ಒಂದೇ ಪ್ರಶ್ನೆ: ನೀರು ಏರುತ್ತಿದೆಯಾ, ಇಳಿಯುತ್ತಿದೆಯಾ? ಏರುತ್ತಿದ್ದರೆ ಅರ್ಧ ಕೆಲಸ ಸಮುದ್ರವೇ ಮಾಡಿಕೊಡುತ್ತದೆ. ನೀವು ಮಾಡಬೇಕಾದ್ದು, ಉಬ್ಬರ ನಿಮ್ಮನ್ನು ಇನ್ನೂ ಮೇಲಕ್ಕೆ ತಳ್ಳದ ಹಾಗೆ ಆಳದ ಕಡೆಗೆ ಒಂದು ಲಂಗರು ಹಾಕಿ ಕಾಯುವುದು. ಇಳಿಯುತ್ತಿದ್ದರೆ ನಿಮಿಷಗಳ ಲೆಕ್ಕ. ನಾವಿಕರು ಹನ್ನೆರಡರ ಲೆಕ್ಕ ಅಂತ ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ಆರು ಗಂಟೆಯ ಇಳಿತದಲ್ಲಿ ಗಂಟೆಗೆ ಕ್ರಮವಾಗಿ ಹನ್ನೆರಡರಲ್ಲಿ 1, 2, 3, 3, 2, 1 ಭಾಗ ನೀರು ಇಳಿಯುತ್ತದೆ. ಉಬ್ಬರ ಇಳಿತದ ವ್ಯತ್ಯಾಸ 3 ಮೀಟರ್ ಇದ್ದರೆ ಮೊದಲ ಗಂಟೆಯಲ್ಲಿ 25 ಸೆಂಟಿಮೀಟರ್ ಹೋಗುತ್ತದೆ, ಮೂರನೇ ಗಂಟೆಯಲ್ಲಿ 75. ಆ ಮೂರನೇ ಗಂಟೆಯಲ್ಲಿ ತಾಗಿದ್ದರೆ ಐದೇ ನಿಮಿಷಕ್ಕೆ 6 ಸೆಂಟಿಮೀಟರ್. ಟೋ ಬೋಟ್ ಬರುವಷ್ಟರಲ್ಲಿ ನೀವು ಒಣ ನೆಲದ ಮೇಲೆ ಇರಬಹುದು. ಆಗ ಅವರಿಗೂ ಏನೂ ಮಾಡಲು ಆಗುವುದಿಲ್ಲ.

ಹಾಗಾಗಿ ತಾಗಿದ ಕೂಡಲೇ ಜನರನ್ನು ಒಂದು ಬದಿಗೆ ಕಳಿಸಿ ದೋಣಿ ವಾಲಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲು ನೋಡಿ. ಚಿಕ್ಕ ಡಿಂಗಿ ಇದ್ದರೆ ಅದರಲ್ಲಿ ಎರಡನೇ ಲಂಗರನ್ನು ಆಳಕ್ಕೆ ಒಯ್ದು ಹಾಕಿ, ಹಗ್ಗವನ್ನು ವಿಂಚ್‌ಗೆ ಸುತ್ತಿ ಎಳೆದುಕೊಳ್ಳಿ. ಎಂಜಿನ್‌ಗೆ ಜೋರಾಗಿ ರಿವರ್ಸ್ ಹಾಕಿ ಬಹಳ ಹೊತ್ತು ಓಡಿಸಬೇಡಿ. ಪ್ರೊಪೆಲ್ಲರ್ ಕದಡಿದ ಮರಳು ತಂಪು ನೀರಿನ ಜೊತೆ ಒಳಗೆ ಹೋಗುತ್ತದೆ. ಈಗಷ್ಟೇ ಹೇಳಿದ ಇಂಪೆಲರ್ ಅಲ್ಲೇ ಸವೆಯುತ್ತದೆ.

ತಳ ಬಂಡೆಯಾಗಿದ್ದರೆ, ಅಲೆ ಹೊಡೆಯುತ್ತಿದ್ದರೆ ಈ ಪ್ರಯತ್ನ ಯಾವುದೂ ಬೇಡ. ಕೂಡಲೇ ಕರೆಯಿರಿ.

ಯಾವಾಗ ಟೋ ಕಂಪನಿ, ಯಾವಾಗ ಕೋಸ್ಟ್ ಗಾರ್ಡ್?

ಜೀವಕ್ಕೋ ದೋಣಿಗೋ ಈಗಲೇ ಅಪಾಯ ಅಂದರೆ ಮೇಡೇ. ತೂತಾಗಿ ಮುಳುಗುತ್ತಿದೆ, ಬೆಂಕಿ ಬಿದ್ದಿದೆ, ಯಾರೋ ನೀರಿಗೆ ಬಿದ್ದು ಕಾಣುತ್ತಿಲ್ಲ, ಯಾರದ್ದೋ ಜೀವ ಹೋಗುವ ಸ್ಥಿತಿ. ತುರ್ತು ಇದೆ, ಆದರೆ ಇನ್ನೂ ಆ ಹಂತಕ್ಕೆ ಬಂದಿಲ್ಲ ಅಂದರೆ ಪ್ಯಾನ್-ಪ್ಯಾನ್. ಲಂಗರು ಜಾರುತ್ತಿದೆ, ಬಂಡೆ ಇನ್ನೂ ದೂರ ಇದೆ ಅನ್ನುವುದು ಇದಕ್ಕೆ ಉದಾಹರಣೆ. ಲಂಗರು ಹಿಡಿದು ನಿಂತಿದೆ, ಎಲ್ಲರೂ ಕ್ಷೇಮ, ಎಂಜಿನ್ ಮಾತ್ರ ಹೊರಡುತ್ತಿಲ್ಲ ಅಂದರೆ ಟೋ ಕಂಪನಿ.

ಮೇಡೇ ಆದರೆ ವಿಎಚ್‌ಎಫ್ ರೇಡಿಯೋ, ಚಾನೆಲ್ 16. "ಮೇಡೇ" ಮೂರು ಸಲ, ದೋಣಿಯ ಹೆಸರು ಮೂರು ಸಲ. ಮತ್ತೆ ಒಮ್ಮೆ ಮೇಡೇ ಮತ್ತು ಹೆಸರು. ಆಮೇಲೆ ಎಲ್ಲಿದ್ದೀರಿ, ಏನಾಗಿದೆ, ಏನು ನೆರವು ಬೇಕು, ಎಷ್ಟು ಜನ ಇದ್ದೀರಿ. ಎಲ್ಲಿದ್ದೀರಿ ಅನ್ನುವುದನ್ನು ಬೇಗ ಹೇಳಿ, ಮಧ್ಯದಲ್ಲಿ ರೇಡಿಯೋ ಸತ್ತರೂ ಅವರಿಗೆ ಜಾಗ ಗೊತ್ತಿರಬೇಕು. ಈ ಮಾತುಗಳನ್ನು ಒಂದು ಕಾಗದದಲ್ಲಿ ಬರೆದು ರೇಡಿಯೋ ಪಕ್ಕ ಅಂಟಿಸಿ. ಡಿಎಸ್‌ಸಿ ಎಂಬ, ಅಪಾಯದ ಸಂದೇಶವನ್ನು ತಾನೇ ಕಳಿಸುವ ವ್ಯವಸ್ಥೆ ಇರುವ ರೇಡಿಯೋದಲ್ಲಿ ಕೆಂಪು ಗುಂಡಿ ಇರುತ್ತದೆ. ಅದಕ್ಕೆ ನಿಮ್ಮ ದೋಣಿಯನ್ನು ಗುರುತಿಸುವ 9 ಅಂಕಿಯ ಎಂಎಂಎಸ್‌ಐ ಸಂಖ್ಯೆ ಹಾಕಿಸಿ, ಜಿಪಿಎಸ್ ಜೋಡಿಸಿ ಇಟ್ಟರೆ ಆ ಗುಂಡಿ ಒತ್ತಿದಾಗ ನಿಮ್ಮ ಜಾಗವೂ ಜೊತೆಗೇ ಹೋಗುತ್ತದೆ. ಇವನ್ನು ಮಾಡಿಸದೆ ಬಿಟ್ಟವರು ಬಹಳ ಜನ.

ಸ್ವಾವಲಂಬನೆ ಅಂತ ಹೇಳಿ ಕರೆಯುವುದನ್ನು ತಡ ಮಾಡಬೇಡಿ. ಕತ್ತಲಾಗುವ ಮೊದಲು, ಗಾಳಿ ಏರುವ ಮೊದಲು, ಬ್ಯಾಟರಿ ಮುಗಿಯುವ ಮೊದಲು ಮಾಡಿದ ಕರೆ ಬರುವವರಿಗೂ ಸುಲಭ. ಆಮೇಲೆ ನೀವೇ ಸರಿ ಮಾಡಿಕೊಂಡರೆ ಇನ್ನೊಮ್ಮೆ ಕರೆದು ಬೇಡ ಅಂತ ಹೇಳಿದರಾಯಿತು.

ಮೊಬೈಲ್ ಸಾಲದಾ?

ಸಾಲದು. ಮೊಬೈಲ್‌ನಲ್ಲಿ ಮಾಡಿದ ಕರೆ ಒಬ್ಬರಿಗೆ ಕೇಳುತ್ತದೆ. ಚಾನೆಲ್ 16 ಸುತ್ತಲಿನ ಎಲ್ಲ ದೋಣಿಗಳಿಗೂ ಕೇಳುತ್ತದೆ, ಮತ್ತು ನಿಮಗೆ ಮೊದಲು ತಲುಪುವುದು ಬಹಳ ಸಲ ಆ ಪಕ್ಕದ ದೋಣಿಯೇ. ಅಪಾಯದಲ್ಲಿ ಇರುವವರಿಗೆ ನೆರವಾಗಬೇಕು ಅನ್ನುವುದು ಸಮುದ್ರದ ಅಂತಾರಾಷ್ಟ್ರೀಯ ಕಾನೂನಿನಲ್ಲೇ ಇದೆ. ದಡದಿಂದ ಬಹಳ ದೂರ ಹೋಗುವವರು, ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿ ಇಟ್ಟುಕೊಳ್ಳಬೇಕು, ಅದನ್ನು ನೋಂದಣಿಯೂ ಮಾಡಿಸಿರಬೇಕು.

ಗೆಳೆಯರ ದೋಣಿ ನಮ್ಮನ್ನು ಎಳೆಯಬಹುದಾ?

ಶಾಂತ ನೀರು, ಹತ್ತಿರದ ದಾರಿ ಆದರೆ ಎಳೆಯಬಹುದು. ಆದರೆ ಇದರಲ್ಲಿ ಕೈಬೆರಳು ಕಳೆದುಕೊಂಡವರು, ಜೀವ ಕಳೆದುಕೊಂಡವರೂ ಇದ್ದಾರೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಅದಕ್ಕೇ ಎಳೆಯಲು ಒಳ್ಳೆಯದು. ಆದರೆ ಹಿಗ್ಗಿದ ಹಗ್ಗ ತುಂಡಾದರೆ, ಅಥವಾ ಅದನ್ನು ಕಟ್ಟಿದ ದೋಣಿಯ ಗೂಟ, ಅಂದರೆ ಕ್ಲೀಟ್, ಕಿತ್ತು ಬಂದರೆ, ಅದು ಚಾಟಿಯಂತೆ ಹಿಂದಕ್ಕೆ ಬರುತ್ತದೆ. ಬಿಗಿ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಹಗ್ಗ ಉದ್ದವಾಗಿರಲಿ, ಎರಡೂ ದೋಣಿ ಒಟ್ಟಿಗೇ ಅಲೆ ಹತ್ತಿ ಒಟ್ಟಿಗೇ ಇಳಿಯುವ ಹಾಗೆ. ಬೇಕಾದಾಗ ಕೂಡಲೇ ಬಿಚ್ಚಲು ಆಗುವ ಹಾಗೆ ಕಟ್ಟಿ, ಪಕ್ಕದಲ್ಲಿ ಚಾಕು ಇರಲಿ.

ವೇಗ ಕಡಿಮೆ ಇರಲಿ. ತಳದಲ್ಲಿ ಕೀಲ್ ಎಂಬ ಭಾರದ ರೆಕ್ಕೆ ಇರುವ ದೋಣಿಗೆ ಅದರ ಉದ್ದಕ್ಕೆ ತಕ್ಕ ಮಿತಿ ಇದೆ. ನೀರಗೆರೆಯಲ್ಲಿ 25 ಅಡಿ ಇರುವ ದೋಣಿಗೆ ಅದು ಸುಮಾರು 6.7 ನಾಟ್. ಅದಕ್ಕಿಂತ ಜೋರಾಗಿ ಎಳೆದರೆ ದೋಣಿ ಅಡ್ಡಾದಿಡ್ಡಿ ತಿರುಗುತ್ತದೆ, ಕ್ಲೀಟ್ ಮೇಲೆ ಸಿಕ್ಕಾಪಟ್ಟೆ ಭಾರ ಬೀಳುತ್ತದೆ. ಅಭ್ಯಾಸ ಇಲ್ಲದವರು ಎಳೆಯಲು ಬಂದರೆ "ಬೇಡ, ನಮ್ಮ ಹತ್ತಿರವೇ ಇರಿ" ಅನ್ನಿ. ಅವರು ಪಕ್ಕದಲ್ಲಿ ಇರುವುದೇ ದೊಡ್ಡ ಉಪಕಾರ.

ನೆರವು ಕೇಳಿದರೆ ನಾವಿಕನಾಗಿ ಸೋತ ಹಾಗಲ್ವಾ?

ಖಂಡಿತ ಅಲ್ಲ. ಅಭಿಲಾಷ್ ಟಾಮಿ ಅವರನ್ನು ನೆನಪಿಸಿಕೊಳ್ಳಿ. ಆಗ ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದರು. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿ ತುರೀಯದ ಹಾಯಿಕಂಬ ಮುರಿಯಿತು, ಬೆನ್ನಿಗೆ ದೊಡ್ಡ ಪೆಟ್ಟಾಯಿತು. ಏಳಲೂ ಆಗದ ಸ್ಥಿತಿಯಲ್ಲಿ ತಮ್ಮ ಪರಿಸ್ಥಿತಿ ಏನು ಅಂತ ಸಂದೇಶ ಕಳಿಸಿದರು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಎತ್ತಿಕೊಂಡಿತು. ಅವರನ್ನು ಸೋತವರು ಅಂತ ಯಾರು ಹೇಳುತ್ತಾರೆ? 2022ರಲ್ಲಿ ಶುರುವಾದ ಮುಂದಿನ ರೇಸ್‌ಗೆ ಅವರು ಮತ್ತೆ ಹೊರಟರು, ದೋಣಿಯ ರಿಪೇರಿಗಳನ್ನು ದಾರಿಯಲ್ಲೇ ಮಾಡಿಕೊಳ್ಳುತ್ತಾ ಎರಡನೆಯವರಾಗಿ ಮುಗಿಸಿದರು.

ಅದೇ ರೇಸ್‌ನಲ್ಲಿ ತಾಪಿಯೋ ಲೆಹ್ತಿನೆನ್ ಅವರ ದೋಣಿ ಮುಳುಗಿತು. ಅವರು ಲೈಫ್ ರಾಫ್ಟ್‌ನಲ್ಲಿ ಇದ್ದರು. ದಾರಿ ಬದಲಿಸಿ ಬಂದು ಅವರನ್ನು ಹತ್ತಿಸಿಕೊಂಡದ್ದು ಸ್ಪರ್ಧೆಯಲ್ಲೇ ಇದ್ದ ಕರ್ಸ್ಟನ್ ನಾಯ್‌ಶೇಫರ್. ಒಂದು ಹಡಗಿಗೆ ಅವರನ್ನು ಒಪ್ಪಿಸಿ ಮುಂದೆ ಹೋದರು, 2023ರ ಏಪ್ರಿಲ್‌ನಲ್ಲಿ ರೇಸ್ ಗೆದ್ದರು. ತಯಾರಿ ಮಾಡಿಕೊಂಡು ಹೊರಟವರಿಗೆ ಇನ್ನೊಬ್ಬರ ಕೈ ಹಿಡಿಯುವ ಶಕ್ತಿಯೂ ಇರುತ್ತದೆ. ನನ್ನ ಮಟ್ಟಿಗೆ ಸ್ವಾವಲಂಬನೆಯ ಅರ್ಥ ಇದೇ.

ಹಾಗಾದರೆ ಸದಸ್ಯತ್ವ ತೆಗೆದುಕೊಳ್ಳಬೇಕಾ ಬೇಡವಾ?

ಆ ಸೇವೆ ಇರುವ ಕರಾವಳಿಯಲ್ಲಿ, ಅದರಲ್ಲೂ ಆಳ ಕಡಿಮೆ, ಮರಳು ಜಾಸ್ತಿ ಇರುವಲ್ಲಿ ದೋಣಿ ಓಡಿಸುವವರು ತೆಗೆದುಕೊಳ್ಳಿ. ಒಂದೇ ಒಂದು ಟೋ ಬಿಲ್ ಹಲವು ವರ್ಷದ ಚಂದಾವನ್ನು ಮೀರಬಹುದು. ಬಿಲ್ಲಿಗೆ ಹೆದರಿ ಕರೆಯಲು ತಡ ಮಾಡುವವರಿಗೂ ಕಾರ್ಡಿನಿಂದ ಧೈರ್ಯ ಬರುತ್ತದೆ, ಅದು ಒಳ್ಳೆಯದೇ. ಆದರೆ ಎಷ್ಟು ದೂರದವರೆಗೆ ಬರುತ್ತಾರೆ, ನಿಮ್ಮ ಜಾಗದಲ್ಲಿ ರಾತ್ರಿ ಬೋಟ್ ಇರುತ್ತದಾ, ಬೇರೆಯವರ ದೋಣಿಯಲ್ಲಿ ನೀವು ಹೋದಾಗಲೂ ನಡೆಯುತ್ತದಾ ಅಂತ ಕೇಳಿಕೊಳ್ಳಿ. ಆ ಗೆರೆ ದಾಟಿ ಹೋಗುವವರಿಗೆ, ಅಂಥ ಸೇವೆಯೇ ಇಲ್ಲದ ಸಮುದ್ರದಲ್ಲಿ ಓಡಾಡುವವರಿಗೆ ಕಾರ್ಡು ಬರೀ ಕಾರ್ಡು.

ಕಾರ್ಡು ಇದೆ ಅಂತ ಹವೆ ನೋಡದೆ ಹೊರಡುವುದಾದರೆ, ನಾಳೆ ಬದಲಿಸಿದರಾಯಿತು ಅಂತ ಹಳೆ ಫಿಲ್ಟರ್ ಬಿಡುವುದಾದರೆ ಮಾತ್ರ ನನಗೆ ತಕರಾರಿದೆ. ಹೊರಡುವ ಮೊದಲು ಒಮ್ಮೆ ಕೇಳಿಕೊಳ್ಳಿ: ಇವತ್ತು ಯಾರೂ ಬರುವುದಿಲ್ಲ ಅಂತ ಗೊತ್ತಿದ್ದರೆ ಹೀಗೇ ಹೊರಡುತ್ತಿದ್ದೆನಾ? ಅಲ್ಲ ಅಂತ ಉತ್ತರ ಬಂದರೆ ಏನು ಸರಿ ಮಾಡಬೇಕು ಅಂತಲೂ ನಿಮಗೇ ಗೊತ್ತಿರುತ್ತದೆ.

ದೋಣಿಯಲ್ಲಿ ಏನೇನು ಇರಬೇಕು?

ಇಂಪೆಲರ್, ಇಂಧನ ಫಿಲ್ಟರ್, ಬೆಲ್ಟ್, ಫ್ಯೂಸ್, ಇವುಗಳ ಹೆಚ್ಚುವರಿ ಒಂದೊಂದು, ಅವನ್ನು ಹಾಕಲು ಬೇಕಾದ ಸ್ಪ್ಯಾನರ್. ಎರಡನೇ ಲಂಗರು. ಉದ್ದ ನೈಲಾನ್ ಹಗ್ಗ. ಬೇರೆ ಬೇರೆ ಅಳತೆಯ ಮರದ ಬೆಣೆ, ತಳದ ಪೈಪ್ ಒಡೆದರೆ ಹೊಡೆಯಲು. ತಲೆಗೆ ಕಟ್ಟುವ ಟಾರ್ಚ್. ಕಾಗದದ ನಕ್ಷೆ. ಕುಡಿಯುವ ನೀರು, ಬಿಸಿಬಟ್ಟೆ, ಯಾಕೆಂದರೆ ಕಾಯುವುದು ಎಷ್ಟು ಹೊತ್ತೋ ಹೇಳಲಾಗದು. ಸ್ಟಾರ್ಟ್ ಮಾಡುವ ಬ್ಯಾಟರಿ ದೀಪ, ಫ್ರಿಜ್‌ಗಳಿಂದ ಬೇರೆಯಾಗಿರಲಿ. ಇದರಲ್ಲಿ ಹೆಚ್ಚಿನವು ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತವೆ.

ಲೈಫ್ ಜಾಕೆಟ್ ಬಗ್ಗೆ ಬೇರೆಯಾಗಿ ಹೇಳಬೇಕು. ಅದು ಪೆಟ್ಟಿಗೆಯಲ್ಲಿ ಇದ್ದರೆ ಇಲ್ಲದ ಹಾಗೆ. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷ ವರ್ಷ ಕೊಡುವ ಲೆಕ್ಕದಲ್ಲಿ, ದೋಣಿ ಅವಘಡದಲ್ಲಿ ಮುಳುಗಿ ಸತ್ತ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಜಾಕೆಟ್ ಹಾಕಿರಲಿಲ್ಲ ಅಂತಲೇ ಬರುತ್ತದೆ. ಮೈಮೇಲೆ ಇರಲಿ.

ಜೊತೆಗೆ ಬರುವವರಿಗೆ, ದಡದಲ್ಲಿ ಇರುವವರಿಗೆ ಏನು ಹೇಳಬೇಕು?

ದೋಣಿ ಓಡಿಸುವವರೇ ನೀರಿಗೆ ಬಿದ್ದರೆ ಅಥವಾ ಎಚ್ಚರ ತಪ್ಪಿದರೆ ಉಳಿದವರು ಏನು ಮಾಡಬೇಕು? ಎಂಜಿನ್ ನಿಲ್ಲಿಸುವುದು, ಚಾನೆಲ್ 16ರಲ್ಲಿ ಕರೆಯುವುದು, ಪರದೆ ನೋಡಿ ಇರುವ ಜಾಗ ಓದುವುದು, ಲಂಗರು ಇಳಿಸುವುದು. ಇಷ್ಟನ್ನು ಕನಿಷ್ಠ ಇನ್ನೊಬ್ಬರಿಗೆ ಕಲಿಸಿ. ಬಾಯಲ್ಲಿ ಹೇಳಿದರೆ ಸಾಲದು, ಲಂಗರನ್ನು ಅವರ ಕೈಯಲ್ಲೇ ಇಳಿಸಿ ಎತ್ತಿಸಿ.

ದಡದಲ್ಲಿ ಇರುವ ಒಬ್ಬರಿಗೆ ಬರೆದು ಕೊಡಿ: ದೋಣಿಯ ಹೆಸರು, ಬಣ್ಣ, ಯಾರ್ಯಾರು ಇದ್ದೀರಿ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್, ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು. ದಾರಿ ಬದಲಾದರೆ ಅವರಿಗೆ ತಿಳಿಸಿ. ವಾಪಸ್ ಬಂದು ಹಗ್ಗ ಕಟ್ಟಿದ ಕೂಡಲೇ "ಬಂದೆವು" ಅಂತ ಹೇಳಿ. ಹೇಳದಿದ್ದರೆ ನೀವು ಮನೆಯಲ್ಲಿ ಮಲಗಿರುವಾಗ ನಿಮ್ಮನ್ನು ಹುಡುಕಲು ಯಾರೋ ಕತ್ತಲಲ್ಲಿ ದೋಣಿ ಇಳಿಸುತ್ತಿರುತ್ತಾರೆ.